ರಟ್ಟಿನ ಪೆಟ್ಟಿಗೆಯ ಎಂಜಿನ್ನು

ಆ ವರ್ಷ ಜನವರಿಯಲ್ಲಿ ಆರಿನ್ ಟೆಶ್ ಅಡುಗೆಮನೆಯ ನಾಲ್ಕು ಕುರ್ಚಿಗಳಲ್ಲಿ ಒಂದನ್ನು ಗರಾಜಿಗೆ ಹೊತ್ತುಕೊಂಡು ಹೋಗಿ, ಗೇಣುದ್ದ ಬಿಟ್ಟು ಅದರ ಕಾಲುಗಳನ್ನು ಕೊಯ್ದುಹಾಕಿದ. ಅವನ ಹೆಂಡತಿ ಮಾರ್ಲಿಸ್ ಒಳಗೆ ಆಲೂಗೆಡ್ಡೆ ಸುಲಿಯುತ್ತಿದ್ದಳು. ಗರಗಸದ ಸದ್ದು ಕೇಳಿಸಿತು; ಎದ್ದು ಹೋಗಿ ನೋಡಲಿಲ್ಲ. ಊಟಕ್ಕೆ ಕೂರುವಾಗ ಕುರ್ಚಿ ಕಡಿಮೆಯಾದದ್ದು ಕಂಡಿತು.

ವಿಮಾನದಲ್ಲಿ ಅಷ್ಟು ಎತ್ತರಕ್ಕೆ ಕೂರೋಕೆ ಆಗಲ್ಲ ಎಂದ ಆರಿನ್, ತಟ್ಟೆ ನೋಡುತ್ತ.

ಮನೆಯಲ್ಲೇ ವಿಮಾನ ಕಟ್ಟುವವರ ಸಂಘ ಆ ಊರಿನಲ್ಲಿತ್ತು. ತಿಂಗಳಿಗೊಂದು ಶನಿವಾರ ಹುಲ್ಲಿನ ರನ್‌ವೇ ಪಕ್ಕ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಸೇರುತ್ತಿದ್ದರು. ಕಾಫಿ, ಜಿಂಕೆಮಾಂಸದ ಸಾಸೇಜು, ಯಾರದೋ ಹೆಂಡತಿ ಮಾಡಿದ ಕೇಕು. ಹಿರಿಯ ವಿಲ್ಮರ್ ಹೌಗನ್ ಹೊಸಬರಿಗೆ ಒಂದೇ ಮಾತು ಹೇಳುತ್ತಿದ್ದ: ಮರ ಕೊಳ್ಳಬೇಡಿ, ಎಂಜಿನ್ನು ಕೊಳ್ಳಬೇಡಿ, ಮೊದಲು ರಟ್ಟಿನಲ್ಲಿ ಮಾಡಿ ಅದರೊಳಗೆ ಕೂತು ನೋಡಿ. ಹಾಗಾಗಿ ಆರಿನ್ ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯವರಿಂದ ಕೇಳಿ ತಂದು, ನಕ್ಷೆಯ ಅಳತೆಗೆ ಕತ್ತರಿಸಿ, ಗರಾಜಿನ ನಡುವೆ ನಿಲ್ಲಿಸಿದ್ದ. ಕಾರು ಹೊರಗೆ ಹಿಮದಲ್ಲಿ ನಿಂತಿತ್ತು.

ಪೆಟ್ಟಿಗೆಯಲ್ಲಿ ಒಬ್ಬರಿಗೆ ಮಾತ್ರ ಜಾಗ.

ನಕ್ಷೆಗಳು ಎರಡಿದ್ದವು. ಎರಡೂ ಸುರುಳಿ ಸುತ್ತಿಕೊಂಡು ಗರಾಜಿನ ಫ್ರೀಜರಿನ ಮೇಲೆ ಬಿದ್ದಿದ್ದವು. ಒಂದು, ಒಬ್ಬರು ಕೂರುವ ಪುಟ್ಟ ಮರದ ವಿಮಾನ. ಹಳೆಯ ಕಾರಿನ ಎಂಜಿನ್ನು ಬಿಚ್ಚಿ ಒಂದಿಷ್ಟು ಬದಲಿಸಿದರೆ ಅದಕ್ಕೆ ಸಾಕು. ಎರಡು ಚಳಿಗಾಲದ ಕೆಲಸ. ಇನ್ನೊಂದು, ಇಬ್ಬರು ಪಕ್ಕಪಕ್ಕ ಕೂರುವಂಥದ್ದು. ಅದಕ್ಕೆ ವಿಮಾನಕ್ಕೆಂದೇ ಮಾಡಿದ ದೊಡ್ಡ ಎಂಜಿನ್ನೇ ಬೇಕು, ಕೆಲಸವೂ ಆರು ಚಳಿಗಾಲದ್ದು. ಆರಿನ್‌ಗೆ ಐವತ್ತೇಳು. ಮೂವತ್ತು ವರ್ಷ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡಿದವನು, ಹೋದ ಶರತ್ಕಾಲದಲ್ಲಿ ಕೆಲಸ ಬಿಟ್ಟು ಕಿಟಕಿಯ ಮುಂದೆ ಕೂರುವುದಕ್ಕೆ ಶುರು ಮಾಡಿದ್ದ. ಕೆಲವು ವಾರ ನೋಡಿದ ಮೇಲೆ ಮಾರ್ಲಿಸ್ ಹೇಳಿದ್ದಳು: "ಕಟ್ಟೋದಿದ್ರೆ ಕಟ್ಟು. ನಾನು ಮಾತ್ರ ಅದರಲ್ಲಿ ಕೂರಲ್ಲ."

ಮದುವೆಗೆ ಮುಂಚೆ ಅವನಿಗೆ ಹಾರುವ ಲೈಸೆನ್ಸು ಇತ್ತು. ಅವಳಿಗಾಗಿಯೇ ಅದನ್ನು ಬಿಟ್ಟಿದ್ದ. ಆ ಬಗ್ಗೆ ಇಬ್ಬರೂ ಮಾತಾಡಿದವರಲ್ಲ. ಈಗ ಅವಳು ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಂಡು ಒಂದು ಕುರ್ಚಿಯನ್ನು ಕೊಯ್ದಿದ್ದ.

ಮಾರ್ಲಿಸ್ ಬೆಳೆದದ್ದು ಎಂಜಿನ್ನಿನ ಸದ್ದಿನಲ್ಲೇ. ಮಧ್ಯ ವಿಸ್ಕಾನ್ಸಿನ್ನಿನ ಆಲೂಗೆಡ್ಡೆ ಹೊಲಗಳ ಮೇಲೆ ಅವಳ ಅಪ್ಪ ವಿಮಾನದಿಂದ ಔಷಧಿ ಹೊಡೆಯುತ್ತಿದ್ದ. ಕೆಳಗೆ ನಿಂತು ಔಷಧಿ ಕಲಸಿ ಕೊಡುತ್ತಿದ್ದವನು ಇದೇ ವಿಲ್ಮರ್. ಸಂಜೆ ಸಾಲುಮರಗಳ ಆಚೆ ಎಂಜಿನ್ನು ಕೇಳಿಸಿದ ಕೂಡಲೇ ಅಮ್ಮ ಒಲೆ ಹಚ್ಚಿ ಬಾಣಲೆ ಇಡುತ್ತಿದ್ದಳು. ಅಪ್ಪ ಬೂಟು ಬಿಚ್ಚಿ ಒಳಗೆ ಬರುವ ಹೊತ್ತಿಗೆ ಆಲೂಗೆಡ್ಡೆ ಸರಿಯಾಗಿ ಕೆಂಪಾಗಿರುತ್ತಿತ್ತು. ಒಂದು ಸಂಜೆ ಸದ್ದು ಮರಗಳವರೆಗೆ ಬಂದು ನಿಂತಿತು. ಅಮ್ಮ ಒಲೆ ಆರಿಸಲೂ ಇಲ್ಲ, ಬಾಣಲೆ ಇಳಿಸಲೂ ಇಲ್ಲ. ಮನೆ ತುಂಬ ಹೊಗೆಯಾಯಿತು. ಕತ್ತಲಾಗುವಾಗ ಅಪ್ಪ ಯಾರದೋ ಟ್ರ್ಯಾಕ್ಟರಿನಲ್ಲಿ ನಗುತ್ತ ಬಂದ; ಎಣ್ಣೆ ಪೈಪು ಒಡೆದು ಪಕ್ಕದ ಹೊಲದಲ್ಲಿ ಇಳಿಸಿದ್ದನಂತೆ. ಏನೂ ಆಗಿರಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಅವನು ಹಾಸಿಗೆಯಲ್ಲೇ ಸತ್ತ. ಆದರೆ ಆ ಸಂಜೆಯ ಅಮ್ಮನ ಬೆನ್ನು ಮಾರ್ಲಿಸ್‌ಗೆ ಮರೆಯಲಿಲ್ಲ.

ಫೆಬ್ರವರಿಯ ಸಂಘದ ದಿನ ಆರಿನ್ ತನ್ನ ಆಯ್ಕೆ ಹೇಳಬೇಕಿತ್ತು. ಹಿಂದಿನ ಸಂಜೆ ಅವನು ಗರಾಜಿನಲ್ಲಿದ್ದ. ಮಾರ್ಲಿಸ್ ಒಲೆಯ ಮುಂದೆ ನಿಂತಿದ್ದಳು. ಗೋಡೆಯ ಆಚೆಯಿಂದ ಸದ್ದು ಬಂತು.

ಇದನ್ನು ಆ ಸಂಘದ ಎಲ್ಲ ಗಂಡಸರೂ ಮಾಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಕೂತು, ಪೊರಕೆಯ ಹಿಡಿಯನ್ನು ಕಾಲುಗಳ ನಡುವೆ ನೆಟ್ಟುಕೊಂಡು, ಬಾಯಲ್ಲೇ ಎಂಜಿನ್ನು ಓಡಿಸುವುದು. ಆರಿನ್ ನಿಧಾನವಾಗಿ ಚಾಲೂ ಮಾಡಿದ, ಒಂದೆರಡು ಸಲ ಕೆಮ್ಮಿಸಿದ, ಆಮೇಲೆ ವೇಗ ಹೆಚ್ಚಿಸಿದ. ನೆಲ ಬಿಟ್ಟಿರಬೇಕು. ಮಾರ್ಲಿಸ್ ಬಾಣಲೆಗೆ ಬೆಣ್ಣೆ ಹಾಕಿದಳು.

ಸದ್ದು ನಿಂತಿತು.

ಅವಳ ಕೈ ಒಲೆಯ ಗುಂಡಿಯ ಮೇಲೆಯೇ ಇತ್ತು. ತಿರುಗಿಸಲಿಲ್ಲ. ಬೆಣ್ಣೆ ಕಂದಾಯಿತು, ಆಮೇಲೆ ಕಪ್ಪಾಯಿತು. ಗೋಡೆಯ ಆಚೆ ಏನೂ ಕೇಳಿಸಲಿಲ್ಲ. ತಾನು ಉಸಿರು ಹಿಡಿದು ನಿಂತಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು. ಅದೂ ಒಂದು ಫ್ರಿಜ್ಜಿನ ಡಬ್ಬಕ್ಕಾಗಿ.

ಒಲೆ ಆರಿಸಿ ಗರಾಜಿಗೆ ಹೋದಳು. ಆರಿನ್ ಪೆಟ್ಟಿಗೆಯೊಳಗೆ ಕೂತು ಕಾಫಿ ಕುಡಿಯುತ್ತಿದ್ದ. ಅವಳನ್ನು ಕಂಡು ಪೊರಕೆಯನ್ನು ಕಾಲಡಿಗೆ ಸರಿಸಿದ.

"ಯಾವ ಎಂಜಿನ್ ಅದು?" ಎಂದಳು.

"ಯಾವುದು?"

"ಈಗ ಓಡಿಸಿದೆಯಲ್ಲ."

ಅವನ ಕಿವಿ ಕೆಂಪಾಯಿತು. "ಕಾರಿನದ್ದು."

"ಕಾರಿನದ್ದು ಕೀಚಲು ಕಣೋ. ಅದರ ಮುಂದೆ ಹಾಕೋ ಫ್ಯಾನು ಚಿಕ್ಕದು, ಜೋರಾಗಿ ತಿರುಗಬೇಕು. ನೀನು ಓಡಿಸಿದ್ದು ದೊಡ್ಡದು, ಎರಡು ಸೀಟಿನದು."

ಆರಿನ್ ಕಾಫಿ ಲೋಟದೊಳಗೆ ನೋಡಿದ. "ಚಿಕ್ಕದರ ಸದ್ದು ನನ್ನ ಬಾಯಲ್ಲಿ ಬರಲ್ಲ" ಎಂದ. ಬರೀ ಸದ್ದು ತಾನೆ, ನಾಳೆ ಚಿಕ್ಕದನ್ನೇ ಹೇಳ್ತೀನಿ ಎಂದ.

ಆ ಹೊತ್ತಿನ ಆಲೂಗೆಡ್ಡೆಯಲ್ಲಿ ಸೀದ ವಾಸನೆ ಇತ್ತು. ಇಬ್ಬರೂ ಅದನ್ನೇ ತಿಂದರು.

ಮಾರನೆಯ ದಿನ ಅವಳೂ ಹೊರಟಳು. ಕೇಕು ಕೊಡುವ ಸರದಿ ತನ್ನದು ಎಂದಳು. ಸರದಿ ಅವಳದಾಗಿರಲಿಲ್ಲ.

ಹ್ಯಾಂಗರಿನ ಮೂಲೆಯಲ್ಲಿ ಹಿಂದೆ ಆಲೂಗೆಡ್ಡೆ ಮೂಟೆ ತೂಗುತ್ತಿದ್ದ ತೂಕದ ಯಂತ್ರವಿತ್ತು. ವಿಮಾನ ಆರಿಸಿಕೊಂಡವನು ಕೋಟು, ಬೂಟು, ಟೊಪ್ಪಿ ಸಮೇತ ಎಲ್ಲರೆದುರು ಅದರ ಮೇಲೆ ನಿಲ್ಲಬೇಕು. ಇದು ಅಲ್ಲಿನ ಪದ್ಧತಿ. ಬಾಯಲ್ಲಿ ಹೇಳಿದ ತೂಕವನ್ನು ವಿಲ್ಮರ್ ನಂಬುತ್ತಿರಲಿಲ್ಲ. ಹೇಳಿದ್ದಕ್ಕೆ ಹತ್ತು ಪೌಂಡು ಸೇರಿಸಬೇಕು, ನಗುತ್ತ ಹೇಳಿದರೆ ಹದಿನೈದು ಎನ್ನುತ್ತಿದ್ದ. ಎಂಜಿನ್ನಿಗೆ ಸುಳ್ಳು ಗೊತ್ತಾಗುವುದಿಲ್ಲ, ರನ್‌ವೇ ಕೊನೆಯ ಬೇಲಿ ದಾಟುವಾಗ ಮಾತ್ರ ಗೊತ್ತಾಗುತ್ತದೆ ಎಂಬುದೂ ಅವನ ಮಾತೇ.

ಆರಿನ್ ನಿಂತ. ನೂರ ತೊಂಬತ್ತೆರಡು ಪೌಂಡು ಬಂತು. ಹಿಂದಿನ ಬೆಂಚಿನಿಂದ ಯಾರೋ "ಸಾಸೇಜು ಕೆಳಗಿಟ್ಟು ನಿಲ್ಲಪ್ಪ" ಎಂದು ತಮಾಷೆ ಮಾಡಿದರು. ವಿಲ್ಮರ್ ಕಪ್ಪುಹಲಗೆಯ ಮೇಲೆ ಬರೆದ: ಒಂದು ಸೀಟು, ಕಾರಿನ ಎಂಜಿನ್ನು, ಪೆಟ್ರೋಲು, ಆರಿನ್. ಕೂಡಿದ. ಮೇಲೇಳುತ್ತೆ ಎಂದ. ಚಪ್ಪಾಳೆ ಬಿತ್ತು. ಆರಿನ್ ಇಳಿದು ಟೊಪ್ಪಿ ತೆಗೆದ.

ಮಾರ್ಲಿಸ್ ಕೇಕಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದು ತೂಕದ ಯಂತ್ರದ ಮೇಲೆ ನಿಂತಳು.

ಅಲ್ಲಿಯವರೆಗೆ ಯಾರ ಹೆಂಡತಿಯೂ ಅದರ ಮೇಲೆ ನಿಂತಿರಲಿಲ್ಲ.

"ಓದಿ, ವಿಲ್ಮರ್" ಎಂದಳು.

"ಗಟ್ಟಿಯಾಗಿ ಓದಲೇನಮ್ಮ?"

"ಅವನದ್ದು ಹೇಗೆ ಓದಿದ್ರೋ ಹಾಗೇ."

ವಿಲ್ಮರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. "ನೂರ ಅರವತ್ತೆಂಟು" ಎಂದ. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಅವನು ಸೀಮೆಸುಣ್ಣ ಹಿಡಿದು ಆರಿನ್ನನ ಹೆಸರಿನ ಕೆಳಗೆ ಅದನ್ನು ಬರೆದ. ಕೂಡುವ ಅಗತ್ಯವಿರಲಿಲ್ಲ, ಆದರೂ ಕೂಡಿದ. ಎರಡು ಸೀಟಿಗೆ ಚಿಕ್ಕ ಎಂಜಿನ್ನು ಹಾಕುವ ತಪ್ಪನ್ನು ಎಲ್ಲರೂ ಒಮ್ಮೆ ಯೋಚಿಸುತ್ತಾರೆ, ಹಾಗೆ ಮಾಡಿದ ವಿಮಾನದಲ್ಲಿ ಹಾರುವುದು ಒಬ್ಬ ಮನುಷ್ಯ ಮತ್ತು ಅವನ ಬುತ್ತಿ ಅಷ್ಟೇ ಎಂದ. ಆಮೇಲೆ ಹಲಗೆಯ ಮೇಲೆ ಕಾರಿನ ಎಂಜಿನ್ನು ಎಂದು ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ.

"ಆರು ಚಳಿಗಾಲ, ಮಾರ್ಲಿಸ್. ಅಷ್ಟು ವರ್ಷ ಕಾರು ಹಿಮದಲ್ಲೇ" ಎಂದ ವಿಲ್ಮರ್.

"ಕಾರಿಗೆ ಅಭ್ಯಾಸ ಆಗಿದೆ" ಎಂದಳು, ಇಳಿಯುತ್ತ.

ಆರಿನ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ವಾಪಸು ಬರುವಾಗ ರಸ್ತೆಯ ಎರಡು ಬದಿಗೂ ಹೊಲಗಳು ಬೆಳ್ಳಗೆ ಚಪ್ಪಟೆಯಾಗಿದ್ದವು. ಅವಳ ಅಪ್ಪ ಅಂದು ವಿಮಾನ ಇಳಿಸಿದ್ದ ಹೊಲ ದಾಟಿದ ಮೇಲೆ ಅವನು ಕೇಳಿದ:

"ಕೂರಲ್ಲ ಅಂದಿದ್ದೆ ನೀನು."

"ಅಂದಿದ್ದೆ."

"ಮತ್ತೆ?"

ಮಾರ್ಲಿಸ್ ಕಿಟಕಿಯ ಗಾಜಿನ ಮಂಜು ಒರೆಸಿದಳು. "ಅಡುಗೆಮನೇಲಿ ನಿಂತು ಕೇಳಿಸ್ಕೊಳ್ಳೋಕೆ ಆಗಲ್ಲ. ಅದಕ್ಕಿಂತ ಇದು ವಾಸಿ."

ಅವನಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ. ಗೇರು ಬದಲಿಸಿದ, ಮುಂದೆ ನೋಡಿಕೊಂಡು ಓಡಿಸಿದ. ಇನ್ನು ಆ ಎಂಜಿನ್ನು ಸಿಗುವುದಕ್ಕೆ ಎಲ್ಲೆಲ್ಲಿ ವಿಚಾರಿಸಬೇಕು ಎಂದು ಆಮೇಲೆ ಮನೆಯವರೆಗೂ ಹೇಳುತ್ತ ಬಂದ. ಅವಳು ಕೇಳಿಸಿಕೊಂಡಳು.

ಮನೆಗೆ ಬಂದು ಅವಳು ಕೋಟು ಬಿಚ್ಚಲಿಲ್ಲ. ಅಡುಗೆಮನೆಯಿಂದ ಇನ್ನೊಂದು ಕುರ್ಚಿ ತೆಗೆದುಕೊಂಡು ಗರಾಜಿಗೆ ಹೋಗಿ, ಮೊದಲನೆಯದರ ಪಕ್ಕ ಇಟ್ಟು ಎತ್ತರ ಗುರುತು ಮಾಡಿಕೊಂಡು, ಗರಗಸ ಹಿಡಿದಳು. ಆರಿನ್ ಪೆಟ್ಟಿಗೆಯ ಒಂದು ಬದಿಯ ರಟ್ಟು ಕಿತ್ತು, ಎರಡನೆಯ ನಕ್ಷೆ ಬಿಡಿಸಿದ.

ಅಡುಗೆಮನೆಯಲ್ಲಿ ಎರಡು ಕುರ್ಚಿ ಉಳಿದವು. ಊಟಕ್ಕೆ ಅಷ್ಟು ಸಾಕಿತ್ತು.