ಸರದಿಯಲ್ಲಿ ನಿಂತ ಕೂಗು

ನಾನು ಒಂದು ಪ್ರೊಸೆಸರ್. ಕಂಪ್ಯೂಟರಿನ ಮಿದುಳು ಎಂದು ನೀವು ಕರೆಯುತ್ತೀರಿ. ನನ್ನನ್ನು ಕೇಳಿದರೆ ನಾನು ಬರೀ ಜೀತದಾಳು. ಮರಳನ್ನು ಕಾಯಿಸಿ, ಸೋಸಿ, ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಕೊನೆಗೆ ಬಂದು ಬಿದ್ದದ್ದೂ ಮರಳಿನ ಊರಿಗೇ. ಕುಂದಾಪುರದಾಚೆಯ ಒಂದು ಬಂದರು, ಅಲ್ಲಿನ ಮೀನುಗಾರರ ಸಂಘದ ಆಫೀಸು. ಉಪ್ಪುಗಾಳಿ, ಮೀನಿನ ವಾಸನೆ, ತಲೆಯ ಮೇಲೆ ಸದಾ ಗುರುಗುಡುವ ಫ್ಯಾನು. ನನ್ನ ಹಣೆಯಲ್ಲಿ ಬರೆದದ್ದು ಅಷ್ಟೇ.

ನನಗೆ ಎರಡು ಕೆಲಸ. ಒಂದು ಹಗುರ: ಕಡಲಲ್ಲಿ ಯಾರಾದರೂ ಅಪಾಯದ ಗುಂಡಿ ಒತ್ತಿದರೆ ಆಫೀಸಿನ ಗಂಟೆ ಬಾರಿಸುವುದು. ಪ್ರತಿ ಬೋಟಿನಲ್ಲೂ ಅಂಥ ಗುಂಡಿಯ ಪುಟ್ಟ ಪೆಟ್ಟಿಗೆ ಇರುತ್ತಿತ್ತು. ಇನ್ನೊಂದು ಮಹಾ ಭಾರದ್ದು: ಬೋಟು ನಿಲ್ಲುವ ಧಕ್ಕೆಯ ಕ್ಯಾಮೆರಾಗಳು ವರ್ಷವಿಡೀ ಹಿಡಿದ ವಿಡಿಯೋಗಳನ್ನೆಲ್ಲ ನೋಡಿ, ಯಾವ ಮೀನು ಎಷ್ಟು ಬಂತೆಂದು ಲೆಕ್ಕ ತೆಗೆಯುವುದು. ಇದು ಪರದೆಯ ಹಿಂದೆ, ಯಾರ ಕಣ್ಣಿಗೂ ಬೀಳದೆ ನಡೆಯುವ ಕೆಲಸ. ಅದರ ಹೊಟ್ಟೆಗೆ ಎಷ್ಟು ಹಾಕಿದರೂ ಸಾಲದು. ಬಿಟ್ಟರೆ ನನ್ನನ್ನು ಪೂರ್ತಿ ನುಂಗಿಬಿಡುತ್ತಿತ್ತು.

ಆಫೀಸು ನೋಡಿಕೊಳ್ಳುತ್ತಿದ್ದ ಜಲಜಾಕ್ಷಿ ಅದಕ್ಕೊಂದು ಮಿತಿ ಹಾಕಿದ್ದಳು. ನನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದು ಮುಟ್ಟುವಂತಿಲ್ಲ. ಉಳಿದರ್ಧ ಕಡಲಿನ ಕೂಗಿಗೆ. ಮಳೆಗಾಲದಲ್ಲಿ ಮಾತ್ರ ಯಂತ್ರದ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ಕೂಗುವವರೇ ಇಲ್ಲವೆಂದು ಅವಳು ಮಿತಿ ತೆಗೆದು, ಬಾಕಿ ಉಳಿದ ವಿಡಿಯೋಗಳನ್ನೆಲ್ಲ ನನ್ನ ತಲೆಗೆ ಕಟ್ಟುತ್ತಿದ್ದಳು. ಅದು ಪ್ರತಿ ವರ್ಷದ ಪದ್ಧತಿ.

ಆದರೆ ನಾಡದೋಣಿಗಳಿಗೆ ನಿಷೇಧವಿಲ್ಲ. ಬೋಟಿನಲ್ಲಿ ದುಡಿಯುವ ಶೀನ ಮೊಗವೀರ ಆ ಮಳೆಗಾಲ ತನ್ನ ಸಣ್ಣ ದೋಣಿ ಇಳಿಸಿದ. ದೋಣಿಯಲ್ಲಿ ಗುಂಡಿ ಎಲ್ಲಿಂದ ಬರಬೇಕು? ಜಲಜಾಕ್ಷಿಯೇ ಅವನನ್ನು ಕರೆದು, ಕಟ್ಟಿಹಾಕಿದ ಬೋಟಿನ ಪೆಟ್ಟಿಗೆಯೊಂದನ್ನು ಕೈಗಿತ್ತಳು.

"ಇದ್ ಸುಮ್ನೆ ಬಿದ್ಕಂಡಿತ್ತ್. ಸೊಂಟಕ್ಕೆ ಕಟ್ಕಣಿ," ಅಂದಳು.

ಅವನ ಹೆಂಡತಿ ಗಿರಿಜ ಅಂದಿನಿಂದ ನಿಶ್ಚಿಂತೆಯಾಗಿ ನಿದ್ದೆ ಮಾಡಿದಳು. ಮರುವಾರ ಅದೇ ಜಲಜಾಕ್ಷಿಯ ಕೈ ಎಂದಿನಂತೆ ನನ್ನ ಮಿತಿ ತೆಗೆಯಿತು. ಪೆಟ್ಟಿಗೆ ಕೊಟ್ಟದ್ದೂ ಮಿತಿ ತೆಗೆದದ್ದೂ ಒಂದಕ್ಕೊಂದು ತಾಗುತ್ತವೆಂದು ಅವಳಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿದ್ದರೂ ಹೇಳಲು ಬಾಯಿ ಎಲ್ಲಿದೆ?

ಒಂದು ಬೆಳಿಗ್ಗೆ, ಹೊಳೆ ಕಡಲು ಸೇರುವ ಅಳಿವೆಯಿಂದಾಚೆ ಶೀನನ ದೋಣಿ ಮಗುಚಿತು. ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಕೂಗು ನನ್ನ ಬಾಗಿಲಿಗೆ ಬಂತು. ನನ್ನ ಮೈಯೆಲ್ಲ ಬಂಗುಡೆ, ಬೂತಾಯಿಗಳ ಲೆಕ್ಕದಲ್ಲಿ ಕುದಿಯುತ್ತಿತ್ತು. ಸಾಯುತ್ತಿದ್ದ ಮನುಷ್ಯನ ಕೂಗು, ಸತ್ತ ಮೀನುಗಳ ಹಿಂದೆ ಸರದಿಯಲ್ಲಿ ನಿಂತಿತು.

ಮಧ್ಯಾಹ್ನ ಗಿರಿಜ ಓಡಿ ಬಂದಳು. ಖಾಲಿ ದೋಣಿ ದಡಕ್ಕೆ ಬಡಿದಿದೆ, ಗಂಡನ ಸುಳಿವಿಲ್ಲ. ಅವನು ಗುಂಡಿ ಒತ್ತಿದ್ದರೆ ಗೊತ್ತಾಗದೆ ಇರುತ್ತಿರಲಿಲ್ಲ ಎಂದು ಜಲಜಾಕ್ಷಿ ಹೇಳುತ್ತಿದ್ದಂತೆಯೇ ನನ್ನ ಭಾರದ ಕೆಲಸ ಮುಗಿಯಿತು. ಗಂಟೆ ಬಡಿಯತೊಡಗಿತು. ಒಂದರ ಹಿಂದೊಂದು, ನಿಲ್ಲದೆ.

ಗಿರಿಜಳ ಮುಖ ಅರಳಿತು.

"ಅವ್ರೇ ಒತ್ತುದ್. ಇನ್ನೂ ಜೀವ ಇತ್ತ್ ಕಾಣಿ, ಬೇಗ ಜನ ಕಳ್ಸಿ ಮಾರಾಯ್ರೆ."

ಜಲಜಾಕ್ಷಿ ಪರದೆ ನೋಡಿದಳು. ಎಲ್ಲವೂ ಬೆಳಗಿನ ಕೂಗುಗಳು, ಕೊನೆಯದೂ ಕೂಡ. ಅವಳು ಜನರನ್ನು ಕಳಿಸಿದಳು. ಸಂಜೆ ಶೀನನನ್ನು ತಂದು ಧಕ್ಕೆಯಲ್ಲಿ ಮಲಗಿಸಿದರು. ಪೆಟ್ಟಿಗೆ ಸೊಂಟದಲ್ಲೇ ಇತ್ತು.

ಮಿಷನ್ ಹಳೆಯದು, ಕೈಕೊಟ್ಟಿತು ಎಂದು ಸಂಘದವರು ತೀರ್ಮಾನಿಸಿದರು. ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ದಿನ ದುಡಿದಷ್ಟು ನಾನು ಯಾವತ್ತೂ ದುಡಿದಿರಲಿಲ್ಲ. ಜಲಜಾಕ್ಷಿಯೊಬ್ಬಳೇ ಗಿರಿಜಳ ಮನೆಗೆ ಹೋಗಿ ತಾನು ಮಿತಿ ತೆಗೆದ ವಿಷಯ ಹೇಳಿದಳು. ಗಿರಿಜ ಬಾಗಿಲು ಹಾಕಿಕೊಂಡಳು.

ಈಗ ಬಲೆ ಇಡುವ ಶೆಡ್ಡಿನ ಮೂಲೆಯಲ್ಲಿದ್ದೇನೆ. ಪಕ್ಕದ ಆಫೀಸಿನಲ್ಲಿ ನನ್ನ ಜಾಗಕ್ಕೆ ಹೊಸಬ ಪ್ರೊಸೆಸರ್ ಬಂದಿದ್ದಾನೆ. ಮಳೆಗಾಲವಿರಲಿ, ಬೇಸಿಗೆಯಿರಲಿ, ಕಡಲಿಗೆಂದು ಎತ್ತಿಟ್ಟ ಅವನ ಅರ್ಧವನ್ನು ಯಾರೂ ಮುಟ್ಟುವುದಿಲ್ಲ. ಜಲಜಾಕ್ಷಿ ದಿನಾ ಬೆಳಿಗ್ಗೆ ಒಂದು ಪೆಟ್ಟಿಗೆಯ ಗುಂಡಿ ಒತ್ತಿ, ಗಂಟೆ ಬಡಿದ ಮೇಲೆಯೇ ಕುರ್ಚಿಯಲ್ಲಿ ಕೂರುತ್ತಾಳೆ. ಒತ್ತಿದ ತಕ್ಷಣ ಬಡಿಯುತ್ತದೆ. ಮೀನಿನ ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ಹೋಗುತ್ತಿದ್ದ ಗಿರಿಜ ಈಗ ಸುತ್ತು ಬಳಸಿ ಹೋಗುತ್ತಾಳಂತೆ. ಆ ಗಂಟೆ ಕೇಳಿದರೆ ಅವಳ ಕಾಲು ಇನ್ನೂ ಕಡಲ ಕಡೆಗೆ ಓಡುತ್ತದಂತೆ.