ಕುರ್ಚಿಯಡಿಯ ಜಾಗ

“ಹೆಣಭಾರ ಇದೆಯಲ್ಲ ಭಾವ ಇದು,” ಎಂದವನೇ ಭಾವಮೈದುನ ನಾಲಿಗೆ ಕಚ್ಚಿಕೊಂಡ. ಅವನ ಅಕ್ಕನ ಹೆಣ ನಡುಮನೆಯಲ್ಲಿತ್ತು, ಅವಳ ಗಂಡ ಬಡಗಿ ತಾನೇ ಕೂಡಿಸಿದ ಪೆಟ್ಟಿಗೆಯಲ್ಲಿ. ಹಿತ್ತಲಲ್ಲಿ ಇವರಿಬ್ಬರೂ ಒಂದು ಪ್ಲಾಸ್ಟರ್ ಗಟ್ಟಿಯನ್ನು ಕೈಗಾಡಿಗೆ ಏರಿಸಲು ಏಗುತ್ತಿದ್ದರು.

“ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರು,” ಎಂದರು ಪಕ್ಕದಲ್ಲಿ ನಿಂತಿದ್ದ, ಅವಳ ಶಾಲೆಯ ಹೆಡ್‌ಮಿಸ್. “ತನ್ನ ಜೊತೆ ಇದನ್ನೂ ಮಣ್ಣು ಮಾಡ್ಬೇಕಂತೆ.”

“ಮಾಡಿ. ಪೀಡೆ ತೊಲಗಲಿ,” ಎಂದ ಬಡಗಿ. ಹೆಂಡತಿ ಆ ಮಾತನ್ನು ತನಗೆ ಹೇಳದೆ ಹೊರಗಿನವರಿಗೆ ಹೇಳಿದ್ದು ಅವನಿಗೆ ಉರಿಯುತ್ತಿತ್ತು. ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು.

*

ಅವಳು ಪ್ರೈಮರಿ ಶಾಲೆಯ ಡ್ರಾಯಿಂಗ್ ಟೀಚರು. ಗುಡ್ಡ, ಸೂರ್ಯ, ಮನೆ ಬರೆಸಿ ಸಂಬಳ ಎಣಿಸುವ ಜಾತಿಯಲ್ಲ. ಈಗಿನ ಕಾಲದ ಕಲಾವಿದರು ಏನೇನು ಮಾಡುತ್ತಾರೋ ಅದನ್ನೆಲ್ಲ ಮಕ್ಕಳ ಕೈಲಿ ಮಾಡಿಸಬೇಕು. ಒಂದು ವರ್ಷ ಬೆಂಚುಗಳಿಗೆಲ್ಲ ಬಟ್ಟೆ ಸುತ್ತಿಸಿದಳು. ಇನ್ನೊಂದು ವರ್ಷ, ಎಲ್ಲೋ ಒಬ್ಬ ಕಲಾವಿದೆ ಖಾಲಿ ಜಾಗವನ್ನೇ ಎರಕ ಹೊಯ್ಯುತ್ತಾಳೆಂದು ಓದಿ, ಮಕ್ಕಳ ಕೈಲಿ ಲೋಟ, ಕೈಗವಸು, ಹರಿದ ಬೂಟುಗಳೊಳಗೆಲ್ಲ ಪ್ಲಾಸ್ಟರ್ ಹುಯ್ಯಿಸಿದಳು.

ಅದೇ ವರ್ಷ ಅವರ ಒಬ್ಬಳೇ ಮಗಳು ಗುಬ್ಬಿ, ಜ್ವರ ಬಂದು ತೀರಿಹೋದಳು.

ಒಂದು ಸಂಜೆ ಬಡಗಿ ಕೆಲಸ ಮುಗಿಸಿ ಬಂದಾಗ, ಗುಬ್ಬಿಗೆಂದು ಅವನು ಮಾಡಿಕೊಟ್ಟಿದ್ದ ಪುಟ್ಟ ಕುರ್ಚಿ ಚೂರುಚೂರಾಗಿ ಬಿದ್ದಿತ್ತು. ನಡುವೆ ಬಿಳಿಯ ಗಟ್ಟಿ.

“ಅವಳು ಕೂರ್ತಿದ್ದ ಕುರ್ಚಿ ಕಣೆ. ಮುರಿದು ಹಾಕಿದ್ಯಲ್ಲ.”

“ತಲೆಕೆಳಗು ಮಾಡಿ, ಸುತ್ತ ರಟ್ಟು ಕಟ್ಟಿ ಕಾಲುಗಳ ಮಧ್ಯ ಪ್ಲಾಸ್ಟರ್ ಹುಯ್ದೆ ರೀ. ಮುರೀದೆ ಬಿಡಿಸೋಕಾಗಲ್ಲ. ಬನ್ನಿ, ಸೀಟಿನಡಿ ಅಂಟಿದ್ದ ಈ ಮುಖ ಒಂದ್ಸಲ ನೋಡಿ.”

“ನಿನ್ನ ಶಾಲೆ ಹುಚ್ಚಾಟಕ್ಕೆ ಬೇರೇನೂ ಸಿಗಲಿಲ್ವಾ?”

ಅವನು ಅದನ್ನು ದರದರ ಎಳೆದುಕೊಂಡು ಹೋಗಿ ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಮಗುಚಿ ಹಾಕಿದ. ಇನ್ನು ಇದರ ಮಾತೆತ್ತಿದರೆ ಸರಿಯಿರಲ್ಲ ಎಂದ. ಅವಳು ಎತ್ತಲಿಲ್ಲ, ಕೊನೆಯವರೆಗೂ. ಮಳೆ ಬಂದಾಗ ಮಾತ್ರ ಓಡಿಹೋಗಿ ಟಾರ್ಪಾಲು ಹೊದಿಸುತ್ತಿದ್ದಳು. ಅವನು ಕಂಡೂ ಕಾಣದವನಂತೆ ಮರ ಉಜ್ಜುತ್ತಿದ್ದ.

*

ಸ್ಮಶಾನದಲ್ಲಿ ಪೆಟ್ಟಿಗೆ ಗುಂಡಿಗಿಳಿಯಿತು. ಕೈಗಾಡಿಯನ್ನು ಓರೆ ಮಾಡಿದಾಗ ಗಟ್ಟಿ ಗುಂಡಿಯ ಪಕ್ಕ ಉರುಳಿ, ಇಷ್ಟು ವರ್ಷ ಕಲ್ಲಿಗೆ ಕವುಚಿಕೊಂಡಿದ್ದ ಮುಖ ಮೇಲಾಯಿತು.

ಬಡಗಿಗೆ ತನ್ನ ಹಲಗೆಯ ಗೆರೆಗಳು ಗುರುತು ಸಿಕ್ಕವು. ಮೊಳೆಯ ತಲೆಗಳ ಗುರುತೂ ಇತ್ತು. ಒಂದು ಮೂಲೆಯಲ್ಲಿ ಗುಳಿ. ಊಟಕ್ಕೆ ಕರೆದಾಗಲೆಲ್ಲ ಗುಬ್ಬಿ ಚೂಯಿಂಗ್ ಗಮ್ಮನ್ನು ಕುರ್ಚಿಯಡಿ ಅಂಟಿಸಿ ಬೆರಳಲ್ಲಿ ಒತ್ತಿ ಬರುತ್ತಿದ್ದಳು, ಕಳ್ಳಿ. ಗಮ್ಮಿನ ಉಬ್ಬು ಇಲ್ಲಿ ಗುಳಿಯಾಗಿತ್ತು, ಬೆರಳೊತ್ತಿದ ತಗ್ಗಿಗೆ ಪ್ಲಾಸ್ಟರ್ ಇಳಿದಿತ್ತು. ಗುಳಿಯೊಳಗೆ ಪುಟ್ಟದೊಂದು ಬೆರಳ ತುದಿ ಎದ್ದು ನಿಂತಿತ್ತು, ಅದರ ಗೆರೆಗಳ ಸಮೇತ.

ಅವನು ಗಟ್ಟಿಗೂ ಗುಂಡಿಗೂ ನಡುವೆ ಅಡ್ಡ ಕೂತ. “ಇದನ್ನ ಕೊಡಲ್ಲ.”

“ಭಾವ, ಅಕ್ಕ ಕೇಳಿದ್ದು ಇದೊಂದೇ.”

“ನನಗೆ ಗೊತ್ತಿರಲಿಲ್ಲ ಕಣೋ.”

“ಇನ್ನೊಂದು ಬರೋದಿದೆ ಯಜಮಾನ್ರೆ,” ಎಂದು ಗುಂಡಿ ತೋಡುವವನು ಗುದ್ದಲಿ ಊರಿ ನಿಂತ.

ಭಾವಮೈದುನ ಹತ್ತಿರ ಬಂದು ಮೆಲ್ಲಗೆ, “ಉಳಿ ತರಲಾ? ಅಷ್ಟು ಜಾಗ ಮಾತ್ರ ಎಬ್ಬಿಸಿಕೊಳ್ಳಿ. ಮಿಕ್ಕಿದ್ದು ಅಕ್ಕನಿಗೆ,” ಎಂದ.

ಬಡಗಿ ಗುಳಿಯ ಮೇಲೆ ಅಂಗೈ ಮುಚ್ಚಿದ. “ಮತ್ತೆ ಮುರೀಬೇಕಾ?” ಎಂದ.

ಆಮೇಲೆ ಗುಂಡಿಯ ಅಂಚಿನ ಹಸಿ ಜೇಡಿಮಣ್ಣಿನಲ್ಲಿ ಒಂದು ಹಿಡಿ ತೆಗೆದುಕೊಂಡ. ಕಲ್ಲು, ಬೇರು ಆರಿಸಿ ನಾದಿದ. ಅದನ್ನು ಗುಳಿಯೊಳಗಿಟ್ಟು ಹೆಬ್ಬೆರಳಲ್ಲಿ ಒತ್ತಿದ, ಮೆಲ್ಲಗೆ ಬಿಡಿಸಿದ. ಮಣ್ಣಿನಲ್ಲಿ ಪುಟ್ಟ ಬೆರಳ ಅಚ್ಚು ಇಳಿದಿತ್ತು. ಹಗ್ಗ ಕಟ್ಟಿ ಗಟ್ಟಿಯನ್ನು ಇಳಿಸುವಾಗ ಹುಷಾರು, ಹುಷಾರು ಎನ್ನುತ್ತಲೇ ಇದ್ದ.

ಹೆಡ್‌ಮಿಸ್, ಭಾವಮೈದುನ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಬಡಗಿ ಮಾತ್ರ ತನ್ನ ಹಿಡಿಯನ್ನು ಅಂಗೈಯಲ್ಲೇ ಇಟ್ಟುಕೊಂಡು, ಬಿಸಿಲಿಗೆ ಬಿರಿಯದಂತೆ ಇನ್ನೊಂದು ಕೈಯನ್ನು ಅದಕ್ಕೆ ನೆರಳಾಗಿ ಹಿಡಿದು, ಗೇಟಿನ ಕಡೆ ನಡೆದ.