ಕಲ್ಲು ಬಿಟ್ಟುಕೊಟ್ಟ ಎಣ್ಣೆ

ಮೂರನೆಯ ರಬ್ಬರ್ ಕವಚವೂ ಕೆಟ್ಟುಹೋದಾಗ ಭುವನಾ ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಆದೋನಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಆಕೆ ಉಪನ್ಯಾಸಕಿ. ಅಪ್ಪ ಹತ್ತಿ ವ್ಯಾಪಾರಿ. ಮಗಳು ಹಿಡಿದದ್ದು ಪೆಟ್ರೋಲಿಯಂ ದಾರಿ. ಹಳೆಯ ಎಣ್ಣೆಬಾವಿಗಳಿಗೆ ನೀರು ನುಗ್ಗಿಸಿದರೂ ಅರ್ಧದಷ್ಟು ಎಣ್ಣೆ ಕಲ್ಲಿನ ರಂಧ್ರಗಳಲ್ಲೇ ಉಳಿದುಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ತಳ್ಳಿದರೆ ಅದು ಎಣ್ಣೆಯಲ್ಲಿ ಕರಗಿ, ಎಣ್ಣೆಯನ್ನು ತೆಳುವಾಗಿಸಿ ಹೊರಗೆ ಹರಿಸುತ್ತದೆ. ಎಷ್ಟು ಹರಿಯುತ್ತದೆಂದು ಅಳೆಯಬೇಕಿತ್ತು. ಗೇಣುದ್ದದ ಮರಳುಗಲ್ಲಿಗೆ ರಬ್ಬರ್ ಕವಚ ತೊಡಿಸಿ ಉಕ್ಕಿನ ಕೊಳವೆಯಲ್ಲಿಡುವುದು, ಮೊದಲು ಗ್ಯಾಸ್ ತುಂಬಿ ಸೋರಿಕೆ ನೋಡುವುದು. ಪ್ರತಿ ಸಲವೂ ಅಷ್ಟಕ್ಕೇ ಕೆಲಸ ನಿಲ್ಲುತ್ತಿತ್ತು. ಒತ್ತಡ ಇಳಿಸಿ ತೆರೆದರೆ ಕವಚದ ತುಂಬ ಗುಳ್ಳೆ, ಸೀಳು. ಈಗ ಉಳಿದಿದ್ದದ್ದು ಒಂದೇ ಕವಚ.

ಆಗ ಬಂದವಳು ಮಾರೆಮ್ಮ. ಎಮ್ಮಿಗನೂರು ರಸ್ತೆಯಲ್ಲಿ ಆಕೆಯದು ಸೋಡಾ ಅಂಗಡಿ; ಸೋಡಾಕ್ಕೆ ತುಂಬುವುದೂ ಅದೇ ಗ್ಯಾಸ್. ಗ್ಯಾಸಿನ ಲಾರಿ ಬಾರದೆ ಕಾಲೇಜು ಆಕೆಯಿಂದಲೇ ಸಿಲಿಂಡರ್ ತಂದಿತ್ತು. ಖಾಲಿಯಾದದ್ದನ್ನು ಒಯ್ಯಲು ಬಂದಿದ್ದಳು. ಮೇಜಿನ ಮೇಲಿದ್ದ ಕವಚವನ್ನು ಎತ್ತಿಕೊಂಡು ಒಂದು ಗುಳ್ಳೆ ಚಿವುಟಿ ನಕ್ಕಳು.

"ಗ್ಯಾಸ್ ಗಬಕ್ಕನ ಬಿಟ್ಟೀರೇನ್ ಮೇಡಂ?"

"ಐದು ನಿಮಿಷ ಹಿಡೀತು. ಯಾಕ?"

"ರಬ್ಬರಿನ ಒಳಗ ಹೋಗಿ ಕುಂತಿರತೈತ್ರಿ ಅದು. ಒಮ್ಮೆಲೆ ಬಿಟ್ರ ಒಳಗಿಂದ ಉಬ್ಬಿ ಹರೀತೈತಿ. ನನ್ನ ಮಿಷನ್ ವಾಷರ್ ಎಷ್ಟು ಹಿಂಗ ಹೋಗ್ಯಾವ! ಮೆಲ್ಲಗ ಬಿಡ್ರಿ. ಎರಡು ತಾಸಾದ್ರೂ ಪರವಾಲೇದು, ಅಡ್ಡಿಯಿಲ್ಲ."

ಭುವನಾಳಿಗೆ ಮುಖ ಬಿಸಿಯಾಯಿತು. ರಬ್ಬರ್ ಗ್ಯಾಸನ್ನು ಹೀರುತ್ತದೆಂದು ತರಗತಿಯಲ್ಲಿ ಪಾಠ ಮಾಡಿದವಳೇ ತಾನು! ಮರುಕ್ಷಣ ಆಕೆಗೂ ನಗು ಬಂತು.

ಮರುದಿನ ಕೊನೆಯ ಕವಚ ತೊಡಿಸಿ ಗ್ಯಾಸ್ ತುಂಬಿ, ಎರಡು ತಾಸು ಕೂತು ಒತ್ತಡ ಇಳಿಸಿದಳು. ಕವಚ ನುಣ್ಣಗೆ ಹಾಗೇ ಇತ್ತು. ಅದಾದ ಮೂರನೆಯ ದಿನ ನಿಜವಾದ ಪ್ರಯೋಗ. ಎಣ್ಣೆ ಕುಡಿದ ಕಲ್ಲಿಗೆ ನೀರು ತಳ್ಳಿದಾಗ ನೂರರಲ್ಲಿ ನಲವತ್ತಾರು ಪಾಲು ಎಣ್ಣೆ ಬಂತು, ಆಮೇಲೆ ಬರೀ ನೀರು. ಭುವನಾ ಗ್ಯಾಸಿನ ಕವಾಟ ತಿರುಗಿಸಿದಳು. ಅಂಗಡಿ ಮುಚ್ಚಿ ನೋಡಲು ಬಂದಿದ್ದ ಮಾರೆಮ್ಮ ಎಣ್ಣೆ ಹೊರಬರುವ ಗಾಜಿನ ನಳಿಗೆಗೆ ಮೂಗು ತಾಗಿಸಿಯೇ ನಿಂತಳು.

"ಏನೂ ಬರವಲ್ದಲ್ರಿ?"

"ತಡೀರಿ."

ಮುಕ್ಕಾಲು ತಾಸು ಕಳೆಯಿತು. ಒಂದು ಕಂದು ಹನಿ ತುದಿಯಲ್ಲಿ ತೂಗಿ ಬಿತ್ತು. ಹಿಂದೆಯೇ ಇನ್ನೊಂದು.

"ಬಂತೂ!" ಎಂದು ಮಾರೆಮ್ಮ ಕೂಗಿದ ಸದ್ದಿಗೆ ಪಕ್ಕದ ತರಗತಿಯವರು ಬಾಗಿಲಿಗೆ ಬಂದರು. ಸಂಜೆಯ ಹೊತ್ತಿಗೆ ಇನ್ನೂ ಹತ್ತೊಂಬತ್ತು ಪಾಲು ಇಳಿದಿತ್ತು. ಭುವನಾ ಅಳತೆಯನ್ನು ಎರಡು ಸಲ ಓದಿ, ಮಾರೆಮ್ಮನ ಎರಡೂ ಕೈ ಹಿಡಿದು ಕುಲುಕಿದಳು.

ವರದಿಯ ಕೃತಜ್ಞತೆಯಲ್ಲಿ ಮಾರೆಮ್ಮನ ಹೆಸರೂ ಇತ್ತು. ವಿಭಾಗದ ಮುಖ್ಯಸ್ಥ ಪಂಚಾಕ್ಷರಯ್ಯ ಕನ್ನಡಕ ಸರಿಮಾಡಿಕೊಂಡು, "ಇವರು ಯಾರಮ್ಮಾ?" ಎಂದರು. ಭುವನಾ ನಡೆದದ್ದನ್ನೆಲ್ಲ ಹೇಳಿದಳು. ಅವರು ನಗುತ್ತ ರುಜು ಹಾಕಿ, "ಮುಂದಿನ ಸಲ ನಮ್ಮ ಹುಡುಗರಿಗೆ ಆಕಿನೇ ಹೇಳಿಕೊಡಲಿ" ಎಂದರು.

ಮರುವಾರ ವಿದ್ಯಾರ್ಥಿಗಳು ಸುತ್ತ ನಿಂತಿರಲು ಮಾರೆಮ್ಮ ಗ್ಯಾಸ್ ಇಳಿಸುವ ಕವಾಟದ ಹಿಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ ಗದರಿದಳು: "ಯಾರಿಗೈತಿ ಅವಸರ? ಹೊರಗ ಹೋಗಿ ನಿಂತ್ಕೋರಿ!"